ಹಳೇ ದೆವ್ವ, ಹೊಸ ಸಿನಿಮಾ

ಮದುವೆ ವಿಡಿಯೋ ತೆಗೆಯುವವನಿಗೆ ನಗಲು ಕಾರಣಗಳೇನೂ ಕಡಿಮೆ ಇರುವುದಿಲ್ಲ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮದುಮಗ ಆಕಳಿಸುತ್ತಾನೆ, ಬೀಗರು ಒಬ್ಬರಿಗೊಬ್ಬರು ಸಿಹಿ ತಿನ್ನಿಸುವಾಗ ಒಬ್ಬರ ಹಲ್ಲಿನ ಸೆಟ್ಟು ಲಾಡುವಿನಲ್ಲೇ ಉಳಿದುಬಿಡುತ್ತದೆ. ಆದರೆ ನಗಿಸುವ ಮನಸ್ಸೇ ಇಲ್ಲದೆ, ಜನರನ್ನು ಹೆದರಿಸಬೇಕೆಂದೇ ಹಟ ತೊಟ್ಟು ಹೊರಟಾಗ ಇಂಥವು ಎಷ್ಟು ಬೆನ್ನು ಹತ್ತುತ್ತವೆ ಅನ್ನುವುದು ನನಗೆ ಗೊತ್ತಾಗಿದ್ದು ಇತ್ತೀಚೆಗೆ.

ದಾಂಡೇಲಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ನನ್ನ ಗೆಳೆಯನೊಬ್ಬ ಒಂದು ಕಾಲಕ್ಕೆ ಇಲ್ಲಿಂದ ಹಳಿಯಾಳದವರೆಗೆ ಕೇಬಲ್ ಟೀವಿ ಕೊಟ್ಟಿದ್ದವನು. ಆಗ ಅವನು ಬಾಡಿಗೆ ಕ್ಯಾಮೆರಾ ತಂದು ಒಂದು ದೆವ್ವದ ಸಿನಿಮಾ ಮಾಡಿ ತನ್ನ ಕೇಬಲ್ಲಿನಲ್ಲೇ ತೋರಿಸಿದ. ಕಥೆ ಇಷ್ಟೇ: ಕಾಡಿನ ಬಂಗಲೆಗೆ ಹೊಸ ಗಂಡಹೆಂಡತಿ ಬರುತ್ತಾರೆ, ಹಿತ್ತಲ ಬಾವಿಯ ಹತ್ತಿರ ಬಿಳಿ ಸೀರೆಯ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ನಿಂತಿರುತ್ತಾಳೆ. ಅಷ್ಟಕ್ಕೇ ದಾಂಡೇಲಿ ನಡುಗಿತು. ಪೇಪರ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಗುಂಪು ಕಟ್ಟಿಕೊಂಡು ಮನೆಗೆ ಬರುತ್ತಿದ್ದರು. ಆಮೇಲೆ ಡಿಶ್ ಬಂತು, ಮೊಬೈಲ್ ಬಂತು, ಕೇಬಲ್ ಮುಳುಗಿತು, ಇವನು ಸಿಸಿ ಕ್ಯಾಮೆರಾ ಕೂಡಿಸುವ ಕೆಲಸಕ್ಕೆ ಇಳಿದ.

ಅಂಥವನು ಒಂದು ದಿನ ನನ್ನ ಸ್ಟುಡಿಯೋಕ್ಕೆ ಬಂದು ನಿಂತ. ಅವನು ಎಂದೂ ಕೂರುವವನಲ್ಲ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ತೂಗುತ್ತ ನಿಲ್ಲುತ್ತಾನೆ.

"ರಿಮೇಕ್ ಮಾಡೂಣು," ಅಂದ.

"ಈಗ್ಯಾಕೋ?"

"ಅವತ್ತ ಅಂಜಿದವರ ಮಕ್ಕಳು ಈಗ ದೊಡ್ಡವರಾಗ್ಯಾರ. ಅವರೂ ಒಮ್ಮೆ ಅಂಜಬೇಕಲ್ಲ?"

ಖರ್ಚಿಗೆ ಹಳಿಯಾಳದ ಪ್ಲೈವುಡ್ ಅಂಗಡಿಯ ಚಾಚಾ ಒಪ್ಪಿದ್ದರು. ಚಾಚಾಗೆ ದೆವ್ವದ ಸಿನಿಮಾ ಅಂದರೆ ಪ್ರಾಣ. ಆದರೆ ಕಣ್ಣು ಬಿಟ್ಟುಕೊಂಡು ಅವರು ಒಂದನ್ನೂ ನೋಡಿಲ್ಲ.

ಯಾರೂ ತೆಗೆಯದ ಸೀನುಗಳು

ಹಳೇ ಸಿನಿಮಾದ ಕ್ಯಾಸೆಟ್ಟಿಗೆ ಬೂಸಲು ಹಿಡಿದು ಯಾವ ಯಂತ್ರದಲ್ಲೂ ಓಡಲಿಲ್ಲ. ಹಾಗಾಗಿ ಅದು ಯಾಕೆ ಅಷ್ಟು ಓಡಿತು ಅನ್ನುವುದನ್ನು ನೋಡಿದವರ ಬಾಯಿಂದಲೇ ಕೇಳಿ ತಿಳಿಯಬೇಕೆಂದು ಗೆಳೆಯ, ಅಂದರೆ ನಮ್ಮ ನಿರ್ದೇಶಕ, ತೀರ್ಮಾನಿಸಿದ. ನನ್ನ ಬೈಕಿನ ಹಿಂದೆ ಹತ್ತಿದ. ಹತ್ತಿದ ಮೇಲೂ ಸುಮ್ಮನಿರಲಿಲ್ಲ, ಎಡಕ್ಕೆ ಬಲಕ್ಕೆ ಹೊರಳುತ್ತಲೇ ಇದ್ದ.

ಹಳಿಯಾಳದ ಚಹಾದಂಗಡಿಯವನು ಕೇಳಿದ ಕೂಡಲೇ ಗ್ಲಾಸು ಕೆಳಗಿಟ್ಟ. "ಯಪ್ಪಾ, ಆಕಿ ಕಾಲು! ಹಿಮ್ಮಡ ಮುಂದ, ಬೆರಳು ಹಿಂದ. ಇವತ್ತಿಗೂ ಕನಸಿನ್ಯಾಗ ಬರ್ತಾವ."

ನಾನು ನಿರ್ದೇಶಕನ ಮುಖ ನೋಡಿದೆ. ಆ ಸಿನಿಮಾದಲ್ಲಿ ಕಾಲು ತೋರಿಸಿರಲೇ ಇಲ್ಲ. ಬಾವಿಕಟ್ಟೆ ಅಡ್ಡ ಇತ್ತು.

ಸಾಂಬ್ರಾಣಿಯಲ್ಲಿ ಕಬ್ಬಿನ ಗದ್ದೆಗೆ ನೀರು ಬಿಡುತ್ತಿದ್ದ ಯಜಮಾನರು ಸಲಿಕೆ ಊರಿ ನಿಂತು ಹೇಳಿದರು, "ಕಾಲ್ಗೀಲು ನನಗ ನೆನಪಿಲ್ಲ. ಬಾವ್ಯಾಗಿಂದ ಕೂಸು ಅಳತೈತಲ್ಲ, ಅದನ್ನ ಕೇಳಿ ನಮ್ಮವ್ವ ಟೀವಿ ಬಂದ್ ಮಾಡಿಸಿದ್ಲು."

ಕೂಸೂ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯ ಪಂಪ್‌ಸೆಟ್ಟಿನ ಸದ್ದು. ಅದನ್ನು ತೆಗೆಯಲು ಆಗ ನಮಗೆ ಬಂದಿರಲಿಲ್ಲ.

ಮುಂಡಗೋಡದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿಯಂತೂ ತಕ್ಕಡಿ ಬದಿಗಿಟ್ಟು ಪೂರ್ತಿ ಕಥೆಯನ್ನೇ ಹೇಳಿದಳು. ದೆವ್ವ ಬಾಗಿಲಿಗೆ ಬಂದು ಎಲೆಅಡಿಕೆ ಕೇಳುತ್ತದೆ. ಹೊಸ ಸೊಸೆ ಕೊಡುವುದಿಲ್ಲ. ಮರುದಿನ ಮನೆಯಲ್ಲಿದ್ದ ಎಲೆಯೆಲ್ಲ ಕಪ್ಪಾಗಿರುತ್ತದೆ. ಹೇಳುತ್ತ ಹೇಳುತ್ತ ಅಜ್ಜಿಯ ತೋಳಿನ ಮೇಲೆ ಕೂದಲು ನೆಟ್ಟಗಾದವು. ನನ್ನವೂ ನಿಂತವು.

ಬೈಕ್ ಹತ್ತುವಾಗ ನಾನು ಅಂದೆ, "ಲೇ, ನಿನ್ನ ಕೇಬಲ್ಲು ಹಳಿಯಾಳ ದಾಟಿರಲಿಲ್ಲ. ಈ ಅಜ್ಜಿ ಎಲ್ಲಿ ನೋಡಿದ್ಲು?"

ಅವನು ಸಂತೆಯ ನಡುವೆ ನಿಂತಲ್ಲೇ ಕುಣಿಯುತ್ತಿದ್ದ. "ನೋಡದ ಅಂಜ್ಯಾಳಲ್ಲೋ! ತೆಗೀದ ಇರೂ ಸೀನ್ ಹಿಂಗ ಹಿಟ್ ಆಗ್ಯಾವಂದ್ರ, ತೆಗೆದ್ರ ಏನಾಗಬಾರದು?"

ಪಾಳುಬಂಗಲೆ ಬೇಕಾಗಿದೆ

ದೆವ್ವಕ್ಕೊಂದು ಪಾಳುಬಿದ್ದ ಮನೆ ಬೇಕಿತ್ತು. ಜೋಯಿಡಾ ಕಡೆ ಅಂಥವು ಬೇಕಾದಷ್ಟಿವೆ ಎಂದು ನಾನೇ ಧೈರ್ಯ ಕೊಟ್ಟಿದ್ದೆ. ಚಿಕ್ಕವರಿದ್ದಾಗ ನಾವು ಕಲ್ಲೆಸೆದು ಓಡಿಬರುತ್ತಿದ್ದ ಹೆಂಚಿನ ಮನೆಯೊಂದಿತ್ತು. ಮೊದಲು ಅಲ್ಲಿಗೇ ಹೋದೆವು. ಅದಕ್ಕೆ ಗುಲಾಬಿ ಬಣ್ಣ ಹೊಡೆದಿದ್ದರು. ಅಂಗಳದಲ್ಲಿ ಈಜುಕೊಳ, ಮಾವಿನ ಮರಕ್ಕೆ ಟೈರಿನ ಜೋಕಾಲಿ, ಗೇಟಿಗೆ ಹೋಮ್‌ಸ್ಟೇ ಬೋರ್ಡು.

ಮುಂದೆ ಹೋದೆವು. ಬಾವಲಿ ತುಂಬಿದ್ದ ಹಳೇ ಗೋದಾಮಿತ್ತು. ಈಗ ಅದೂ ಹೋಮ್‌ಸ್ಟೇ. ಬಾವಲಿಗಳನ್ನು ಏನು ಮಾಡಿದಿರಿ ಅಂತ ಕೇಳಿದರೆ, "ಇದ್ದಾವ್ರಿ, ಗೆಸ್ಟ್‌ಗೆ ಸಂಜಿಮುಂದ ತೋರಸ್ತೇವಿ" ಅಂದರು. ಕಾಡಿನ ರಸ್ತೆಯಲ್ಲಿ ತಿರುಗಿ ತಿರುಗಿ ನನ್ನ ನಡು ಬಿದ್ದುಹೋಯಿತು. ಗೋಡೆ ಬಿರುಕು ಬಿಟ್ಟ ಒಂದು ಮನೆಯೂ ಸಿಗಲಿಲ್ಲ. ಎಲ್ಲ ಕಡೆ ಪ್ರವಾಸಿಗರು, ಲೈಫ್ ಜಾಕೆಟ್ಟು, ಜೋರು ಹಾಡು. ದೆವ್ವ ಇದ್ದರೂ ಇಷ್ಟೊತ್ತಿಗೆ ಊರು ಬಿಟ್ಟಿರುತ್ತಿತ್ತು.

ಕೊನೆಗೆ ಒಬ್ಬ ಹೋಮ್‌ಸ್ಟೇ ಮಾಲೀಕರು ತಮ್ಮ ಹಿಂದಿನ ಕಟ್ಟಡ ಕೊಡಲು ಒಪ್ಪಿದರು. ಬಣ್ಣ ಇನ್ನೂ ಹೊಡೆದಿರಲಿಲ್ಲ, ಬಾವಿಯೂ ಇತ್ತು. ಬುಕಿಂಗ್ ತಪ್ಪೀತು ಅಂತ ಅವರು ಹೆದರಬಹುದೆಂದು ನಿರ್ದೇಶಕ ಮೆತ್ತಗೆ ಶುರು ಮಾಡಿದ: "ಅಣ್ಣಾರ, ಮುಚ್ಚುಮರಿ ಮಾಡಂಗಿಲ್ಲ. ಇದರಾಗ ದೆವ್ವ ಇರೂದೈತಿ."

ಮಾಲೀಕರು ಸ್ವಲ್ಪವೂ ಗಾಬರಿಯಾಗದೆ ಕೇಳಿದರು, "ಒಬ್ಬಾಕಿ ಇರ್ತಾಳೋ, ಫ್ಯಾಮಿಲಿನೋ? ಫ್ಯಾಮಿಲಿ ಇದ್ರ ಇನ್ನೊಂದು ಬೆಡ್ ಹಾಕಸ್ತೇನಿ."

ಅಕ್ಕನ ಕೆಲಸ

ಹಳೇ ಸಿನಿಮಾದಲ್ಲಿ ಬೆನ್ನು ಮಾಡಿ ನಿಂತಿದ್ದಾಕೆ ನಿರ್ದೇಶಕನ ನೆರೆಮನೆಯ ಅಕ್ಕ. ಆಗ ಧಾರವಾಡ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದರು. ಯಜಮಾನರಿಗೆ ಮಿಲ್ಲಿನಲ್ಲಿ ಕೆಲಸ. ಈಗ ಮಿಲ್ಲಿನವರೇ ತುಂಬಿರುವ ಬಂಗೂರನಗರದಲ್ಲಿದ್ದಾರೆ. ಹೊಸ ಸಿನಿಮಾಕ್ಕೆ ಹೊಸ ದೆವ್ವ ಬೇಕೆಂದು ನಿರ್ದೇಶಕ ರೀಲ್ಸ್ ಮಾಡಿ ಹೆಸರಾಗಿದ್ದ ಕಾಲೇಜು ಹುಡುಗಿಯೊಬ್ಬಳನ್ನು ಕರೆಸಿದ. ಅವಳದು ಒಂದೇ ಷರತ್ತು: ಕೂದಲು ಮುಖದ ಮೇಲೆ ಬೀಳಬಾರದು. "ಮುಖ ಕಾಣ್ಲಿಲ್ಲಂದ್ರ ಫಾಲೋವರ್ಸ್ ಸಿಟ್ಟಾಗ್ತಾರ, ಅಂಕಲ್."

ಈ ಸುದ್ದಿ ಹೇಗೋ ಅಕ್ಕನ ಕಿವಿಗೆ ಬಿತ್ತು. ನಾನು, ನಿರ್ದೇಶಕ, ಆ ಹುಡುಗಿ ಮೂವರೂ ಸ್ಟುಡಿಯೋದಲ್ಲಿದ್ದಾಗಲೇ ಕೈಯಲ್ಲಿ ಸಂತೆಯ ಚೀಲ ಹಿಡಿದು ಬಂದೇಬಿಟ್ಟರು. ನಿರ್ದೇಶಕ ಗೋಡೆಯಿಂದ ಗೋಡೆಗೆ ಓಡಾಡತೊಡಗಿದ.

"ಅಕ್ಕಾ, ನಿಮಗ ಅತ್ತಿ ಪಾರ್ಟ್ ಇಟ್ಟೇವ್ರಿ. ಡೈಲಾಗೂ ಅದಾವ."

"ನನಗ ಯಾಕ ಬೇಕೋ ತಮ್ಮಾ ಡೈಲಾಗು?" ಅಕ್ಕ ಚೀಲವನ್ನು ಕೆಳಗೂ ಇಡಲಿಲ್ಲ. "ನಾನು ಈ ಊರಿಗೆ ಬಂದ ಹೊಸದಾಗಿ ಆ ಸಿನಿಮಾದಾಗ ನಿಂತೆ. ಮರುದಿನದಿಂದ ನನಗ ಹೆಸರ ಇಲ್ಲ. ದೆವ್ವದ ಅಕ್ಕ, ದೆವ್ವದ ಅಕ್ಕ. ಮೊದಲ ಅಳತಿದ್ದೆ. ಓಣ್ಯಾಗ ಹೆಂಗಸರು ಮಕ್ಕಳಿಗೆ ನನ್ನ ತೋರಿಸಿ ಅನ್ನಾ ಉಣಸ್ತಿದ್ರು. ಹಾಂಗ ಉಂಡ ಹುಡುಗೂರು ಈಗ ಮಿಲ್ಲಿನ್ಯಾಗ ಎಂಜಿನಿಯರ್ ಆಗ್ಯಾರ. ಅರ್ಧಾ ಬಂಗೂರನಗರಕ್ಕ ಅನ್ನಾ ಉಣಿಸಿದಾಕಿ ನಾನು. ಈಗ ಬಂದು ನನ್ನ ಕೆಲಸಾ ಬ್ಯಾರೇದಾಕಿಗೆ ಕೊಡ್ತೀರಿ?"

ನಾನು ಕುರ್ಚಿ ಮುಂದೆ ತಳ್ಳಿದೆ. ಹುಡುಗಿ ಮಾತ್ರ ಫೋನಿನಿಂದ ಕಣ್ಣೆತ್ತದೆ ಸಣ್ಣಗೆ ನಕ್ಕಳು. ಅಕ್ಕ ಬಾಗಿಲ ಕಡೆ ತಿರುಗಿ ಹೊರಟರು. ಹೊಸ್ತಿಲ ಹತ್ತಿರ ನಿಂತುಬಿಟ್ಟರು. ನಮಗೆ ಬೆನ್ನು. ಅಲುಗಾಟವಿಲ್ಲ. ತಲೆ ಸ್ವಲ್ಪ ಒಂದು ಕಡೆಗೆ ವಾಲಿತ್ತು. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಹುಡುಗಿಯ ಕೈಯಿಂದ ಫೋನು ಜಾರಿ ಬಿತ್ತು. ನಿರ್ದೇಶಕ, ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ಕುರ್ಚಿಯಲ್ಲಿ ಕುಸಿದು ಕುಳಿತ.

"ಅ... ಅಕ್ಕಾ?"

ಅಕ್ಕ ತಿರುಗದೆಯೇ ಹೇಳಿದರು, "ತಡಿಯೋ. ಛತ್ರಿ ಎಲ್ಲಿ ಬಿಟ್ಟೆ ಅಂತ ನೆನಪ ಮಾಡ್ಕೊಳ್ಳಾಕತ್ತೇನಿ."

ದೆವ್ವದ ಪಾತ್ರ ಅಕ್ಕನಿಗೇ ಬಿಟ್ಟು, ಹುಡುಗಿ ತಾನಾಗಿಯೇ ನಾಯಕಿಯ ಪಾತ್ರ ಕೇಳಿ ತೆಗೆದುಕೊಂಡಳು.

ಬೆನ್ನಿನ ಗುಟ್ಟು

ಇಷ್ಟಾದರೂ ಶೂಟಿಂಗಿನಲ್ಲಿ ಅಕ್ಕನಿಗೆ ಆ ನಿಲುವು ಕೂಡಿಬರಲಿಲ್ಲ. ಬಾವಿಯ ಪಕ್ಕ ನಿಂತರೆ ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತಿತ್ತು. ನಿರ್ದೇಶಕ ಸುತ್ತಲೂ ತಿರುಗುತ್ತ, "ಭುಜಾ ಇಳಿಸ್ರಿ... ಏರಿಸ್ರಿ... ಆವಾಗ ಹೆಂಗ ನಿಂತಿದ್ರಿ ಹಂಗ ನಿಂದರ್ರಿ... ದುಃಖಾ ಇತ್ತಲ್ರಿ ಆ ಬೆನ್ನಿನ್ಯಾಗ!" ಅಂತ ಗೋಳಾಡುತ್ತಿದ್ದ. ನನಗೂ ಒಳಗೊಳಗೇ ಚಡಪಡಿಕೆ. ಮದುವೆ ಸೀಸನ್ ಹತ್ತಿರ ಬರುತ್ತಿತ್ತು, ಇಲ್ಲಿ ಒಂದು ಬೆನ್ನು ಮುಗಿಯುತ್ತಿರಲಿಲ್ಲ.

ಕೊನೆಗೆ ಅಕ್ಕ ಬಾವಿಕಟ್ಟೆಯ ಮೇಲೆ ಕೂತು, ಬೆವರೊರೆಸಿಕೊಂಡು ನಿಜ ಹೇಳಿದರು. "ತಮ್ಮಾ, ಅವತ್ತ ನನಗ ಹಲ್ಲು ನೋವು. ದವಡಿ ಉಬ್ಬಿ ಮಾರಿ ಇಷ್ಟಗಲ ಆಗಿತ್ತು. ನೀ ಮಾರಿ ತೋರಸ್ರಿ ಅಂತಿದ್ದಿ. ಹೊಸಾ ಮದಿವಿ, ಮಂದಿ ಏನಂದಾರು ಅಂತ ನಾಚಿ ಆ ಕಡೆ ತಿರುಗಿ ನಿಂತೆ. ತಲೀನೂ ಅದಕ್ಕ ವಾಲಿತ್ತು."

ಊರನ್ನೇ ನಡುಗಿಸಿದ ದೃಶ್ಯದ ಹಿಂದೆ ಒಂದು ಕೆಟ್ಟ ದವಡೆ ಹಲ್ಲಿತ್ತು! ನನಗೆ ನಗು ತಡೆಯಲಾಗಲಿಲ್ಲ. ನಿರ್ದೇಶಕ ಮಾತ್ರ ನಗಲಿಲ್ಲ. ಬಹಳ ಹೊತ್ತು ಬಾವಿಯ ಸುತ್ತ ತಿರುಗಿ, ಅಕ್ಕನೆದುರು ಮೊಣಕಾಲೂರಿ, ಆಸೆಯಿಂದ ಕೇಳಿದ:

"ಈಗೇನರ ಯಾವುದರ ಹಲ್ಲು ನೋಯತೈತೇನ್ರಿ ಅಕ್ಕಾ?"

"ಇಲ್ಲ. ಆದ್ರ ನೀ ಇನ್ನೆರಡ ದಿನಾ ಹಿಂಗ ತಲಿ ತಿಂದ್ರ ಎಲ್ಲಾ ಹಲ್ಲೂ ನೋಯ್ತಾವ, ತಡಿ."

ಮಟಮಟ ಮಧ್ಯಾಹ್ನದ ದೆವ್ವ

ಹೊತ್ತು ಮುಳುಗುವ ಮೊದಲೇ ಕಾಡಿನಿಂದ ಹೊರಗಿರಬೇಕೆಂದು ನಮಗೆ ಅರಣ್ಯ ಇಲಾಖೆಯವರಿಂದ ತಾಕೀತಾಗಿತ್ತು. ದೆವ್ವದ ಭಯ ಅಲ್ಲ, ಆನೆಯದು. ಹಾಗಾಗಿ ರಾತ್ರಿಯ ದೃಶ್ಯಗಳನ್ನೆಲ್ಲ ಹಗಲಿನಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು ನೀಲಿ ಮಾಡುವುದೆಂದು ಆಯಿತು.

ದೆವ್ವ ಕಾಡುದಾರಿಯಲ್ಲಿ ಬರುವ ದೃಶ್ಯ. ಅಕ್ಕನ ಕೂದಲು ಕೆದರಿ, ಹಣೆಯಿಂದ ಗಲ್ಲದವರೆಗೆ ಕೆಂಪು ಬಣ್ಣ ಇಳಿಸಿ, ಬಿಳಿ ಸೀರೆಯ ಸೆರಗು ಹರಿದು, ತಿರುವಿನಾಚೆ ನಿಲ್ಲಿಸಿ ಬಂದೆವು. "ಆಕ್ಷನ್" ಅಂದರೆ ಬರಬೇಕು. ನಿರ್ದೇಶಕ ಆಕ್ಷನ್ ಅಂದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಇಲ್ಲ. ಹುಲಿಗಿಲಿ ಏನಾದರೂ ಬಂತೋ ಎಂದು ಓಡಿದೆವು.

ತಿರುವಿನಾಚೆ ಮರದ ನೆರಳಿನಲ್ಲಿ ಅಕ್ಕ ಕೂತಿದ್ದರು. ಸುತ್ತ ಎಮ್ಮೆ ಹೊಡೆದುಕೊಂಡು ಬಂದಿದ್ದ ಗೌಳಿ ಹೆಂಗಸರು. ಒಬ್ಬಾಕೆ ಮಜ್ಜಿಗೆ ಕುಡಿಸುತ್ತಿದ್ದಳು, ಇನ್ನೊಬ್ಬಾಕೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ನಮ್ಮನ್ನು ಕಂಡದ್ದೇ ತಡ, ಹಿರಿಯಾಕೆ ಎಮ್ಮೆ ಹೊಡೆಯುವ ಕೋಲು ಹಿಡಿದು ಎದ್ದಳು.

"ಇವರೇನ ನಿನ್ನ ಹೊಡದವರು?"

ನಿರ್ದೇಶಕ ಕೈ ಮುಗಿದ. "ಇಲ್ರಿ ಆಯೀ, ಅದು ರಕ್ತ ಅಲ್ಲ, ಬಣ್ಣ..."

"ಹೆಣ್ಣಮಗಳ ಹಣಿ ಒಡದು ಬಣ್ಣಾ ಅಂತೀಯೇನು?"

"ನಾವು ಸಿನಿಮಾದವ್ರು!"

"ಸಿನಿಮಾದವ್ರಾದ್ರ ಹೊಡೀಬಹುದೇನು?"

ಆಕೆ ಅಕ್ಕನ ಕಡೆ ತಿರುಗಿ ಮೆತ್ತಗೆ ಕೇಳಿದಳು, "ನೀ ಹೇಳವ್ವಾ, ಅಂಜಬ್ಯಾಡ. ಏನ್ ಮಾಡಿದ್ರು?"

ಈಗ ಅಕ್ಕ ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಕ್ಕ ಮಜ್ಜಿಗೆಯ ಕೊನೆಯ ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ನಮ್ಮತ್ತ ಬೆರಳು ತೋರಿಸಿದರು:

"ಮುಂಜಾನಿಯಿಂದ ಬಿಸಲಾಗ ನಿಂದರ್ಸ್ಯಾರವ್ವಾ. ಊಟಾನೂ ಹಾಕಿಲ್ಲ."

ಅವತ್ತು ನಾವು ಓಡಿದ ವೇಗವನ್ನು ಯಾರಾದರೂ ಚಿತ್ರೀಕರಿಸಿದ್ದರೆ ಸಿನಿಮಾಕ್ಕೆ ಅದೇ ಸಾಕಿತ್ತು.

ಚಾಚಾ ಮತ್ತು ಚಾಚಿ

ಬೆನ್ನು, ಕಾಡುದಾರಿ ಎಲ್ಲ ಹೇಗೋ ಮುಗಿದ ಮೇಲೆ ಕೊನೆಗೆ ಉಳಿದದ್ದು ನಾಯಕಿಯ ಕಿರುಚಾಟ. ಬಾವಿಯ ಹತ್ತಿರ ದೆವ್ವವನ್ನು ಕಂಡು ಅವಳು ಚೀರಬೇಕು. ಸ್ಟುಡಿಯೋದಲ್ಲಿ ಮೈಕ್ ಮುಂದೆ ನಿಲ್ಲಿಸಿದೆವು. ಹುಡುಗಿ ಚೀರಿದರೆ ಹುಟ್ಟುಹಬ್ಬದ ದಿನ ಗೆಳತಿಯರು ಕೇಕ್ ತಂದಾಗ ಕೂಗಿದಂತಿತ್ತು. ನಿರ್ದೇಶಕ ತಲೆ ಕೆರೆದುಕೊಂಡು ಒಳಗೆ ಹೊರಗೆ ತಿರುಗಿದ. ಇದನ್ನು ನೋಡಲೆಂದು ಚಾಚಾ ಹಳಿಯಾಳದಿಂದ ಬಂದು ಗೋಡೆಗೆ ಒರಗಿ ನಿಂತಿದ್ದರು. ಅದೇ ಹೊತ್ತಿಗೆ ಮೇಲಿನಿಂದ ಒಂದು ಹಲ್ಲಿ ಅವರ ಹೆಗಲ ಮೇಲೆ ಬಿತ್ತು.

ಆ ಚೀರಾಟವನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ. ಸಣ್ಣಗೆ ಶುರುವಾಗಿ, ಮೇಲೇರಿ, ನಡುವೆ ಒಡೆದು, ಕೊನೆಗೆ ನಾಯಿಮರಿಯ ಕುಂಯ್ ಎಂಬ ಸದ್ದಿನಲ್ಲಿ ಮುಗಿಯಿತು. ಮೈಕ್ ಚಾಲೂ ಇತ್ತು. ನಿರ್ದೇಶಕನ ಕಣ್ಣಲ್ಲಿ ನೀರು. "ಇದೇ," ಅಂದ. "ಇದೇ ಬೇಕಾಗಿತ್ತು."

"ಯಾರಿಗೂ ಹೇಳಬ್ಯಾಡ್ರಿ ಮತ್ತ," ಚಾಚಾ ಬೇಡಿಕೊಂಡರು. ನಾವು ಆಣೆ ಮಾಡಿದೆವು. ಧ್ವನಿಯನ್ನು ಒಂಚೂರು ತೆಳ್ಳಗೆ ಮಾಡಿ ನಾಯಕಿಯ ಬಾಯಿಗೆ ಕೂಡಿಸಿದೆವು.

ಮೊದಲ ಪ್ರದರ್ಶನ ಹಳಿಯಾಳದ ಒಂದು ಮದುವೆ ಹಾಲಿನಲ್ಲಿ, ರವಿವಾರ ಮಧ್ಯಾಹ್ನ. ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಕತ್ತಲೆ ಮಾಡಿದ್ದೆವು. ಹಾಲು ತುಂಬಿತ್ತು. ಚಾಚಾನ ಮನೆಯವರು, ನಾವೆಲ್ಲ ಚಾಚಿ ಅನ್ನುತ್ತಿದ್ದವರು, ಹೆಂಗಸರ ಸಾಲಿನಲ್ಲಿ ಕೂತಿದ್ದರು. ಚಾಚಿ ಗಟ್ಟಿ ಹೆಂಗಸು. ಅಂಗಡಿಯ ಹಲಗೆಗಳ ಸಂದಿಯಿಂದ ಚೇಳನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಹಾಕಿಬರುವವರು. ಚಾಚಾ ಮಾತ್ರ, "ನನಗ ನೋಡಾಕ ಆಗಂಗಿಲ್ಲ" ಎಂದು ಚಹಾದ ಕಿಟ್ಲಿಯ ಉಸ್ತುವಾರಿ ವಹಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

ಸಿನಿಮಾ ಶುರುವಾಯಿತು. ಜನ ನಗಲು ಶುರು ಮಾಡಿದರು. ಹಿಮ್ಮುಖ ಕಾಲು ಬಂತು, ನಕ್ಕರು. ಬಾವಿಯ ಕೂಸು ಅತ್ತಿತು, ನಕ್ಕರು. ಕಾಡುದಾರಿಯಲ್ಲಿ ದೆವ್ವದ ಹಿಂದೆ ಎಮ್ಮೆಯೊಂದು ಹಾದುಹೋಯಿತು, ಸೀಟಿ ಹೊಡೆದರು. ನಿರ್ದೇಶಕ ಗೋಡೆಯ ಗುಂಟ ಓಡಾಡುತ್ತ ಉಗುರು ಕಚ್ಚುತ್ತಿದ್ದ. ನಾನು ಪ್ರೊಜೆಕ್ಟರಿನ ಹಿಂದೆ ಅಡಗಿ ನಿಂತಿದ್ದೆ. ಓಡಿಹೋಗೋಣ ಅನ್ನಿಸುತ್ತಿತ್ತು. ವರ್ಷಗಟ್ಟಲೆ ಜತನ ಮಾಡಿದ ಅವನ ಒಂದೇ ಹೆಸರು ನನ್ನ ಕಣ್ಣೆದುರೇ ಹೋಗುತ್ತಿತ್ತು.

ಬಾವಿಯ ದೃಶ್ಯ ಬಂತು. ಅಕ್ಕನ ಬೆನ್ನು. ನಾಯಕಿ ಹತ್ತಿರ ಹೋದಳು. ಚೀರಿದಳು.

ಹೆಂಗಸರ ಸಾಲಿನಲ್ಲಿ ಚಾಚಿ ದಡಕ್ಕನೆ ಎದ್ದರು. "ಯಾ ಅಲ್ಲಾ! ಇದು ನಮ್ಮವರ ಆವಾಜು!"

ಪಕ್ಕದವರು ಕೂರಿಸಲು ಹೋದರು. ಚಾಚಿ ಕೇಳಲಿಲ್ಲ. ಗಂಡಸರ ಸಾಲಿನತ್ತ ತಿರುಗಿ ಕರೆದರು. ಉತ್ತರವಿಲ್ಲ. "ಎಲ್ಲಿ ಹೋದ್ರು? ಯಾರು ಏನ್ ಮಾಡಿದ್ರು ಅವರಿಗೆ?" ಎಂದು ಕತ್ತಲಲ್ಲೇ ಓಡಿದರು. ಕುರ್ಚಿಗಳು ಉರುಳಿದವು. ಚೇಳಿಗೆ ಹೆದರದ ಹೆಂಗಸು ಹೀಗೆ ಓಡುತ್ತಿರುವುದನ್ನು ಕಂಡು ಊರವರ ಎದೆ ಝಲ್ಲೆಂದಿತು. ಏನೋ ಬಂದಿದೆ ಅಂತ ಯಾರೋ ಕೂಗಿದರು. ಹಾಲಿಗೆ ಹಾಲೇ ಎದ್ದು ಚಾಚಿಯ ಹಿಂದೆ ಬಾಗಿಲಿಗೆ ನುಗ್ಗಿತು, ಜೊತೆಗೆ ನಾವೂ. ಒಳಗೆ ಉಳಿದದ್ದು ಅಕ್ಕ ಒಬ್ಬರೇ, ತೆರೆಯ ಮೇಲಿನ ತಮ್ಮ ಬೆನ್ನನ್ನು ನೋಡುತ್ತ.

ಹೊರಗೆ ಚಾಚಾ ಕಿಟ್ಲಿ ಹಿಡಿದು ನಿಂತಿದ್ದರು. ತಿರುಗಿ ನೋಡುತ್ತಾರೆ, ಊರಿಗೆ ಊರೇ ತಮ್ಮ ಮೇಲೆ ಓಡಿಬರುತ್ತಿದೆ, ಮುಂದೆ ತಮ್ಮ ಹೆಂಡತಿ. ಕಿಟ್ಲಿ ಬಿಟ್ಟು ಚೀರಿದರು. ಸಣ್ಣಗೆ ಶುರುವಾಗಿ, ಮೇಲೇರಿ, ನಡುವೆ ಒಡೆದು, ಕುಂಯ್.

ಒಳಗೆ ಕೇಳಿದ ಅದೇ ಚೀರಾಟ ಹೊರಗೂ ಕೇಳಿಸಿತಲ್ಲ, ಓಡಿಬಂದ ಜನ ಅಲ್ಲೇ ಹೊರಳಿ ಮತ್ತೆ ಹಾಲಿನೊಳಗೆ ನುಗ್ಗಿದರು.

ಗೇಟಿನಲ್ಲಿ ಉಳಿದವರು ಗಂಡಹೆಂಡತಿ ಇಬ್ಬರೇ, ಬಾಗಿಲ ಮರೆಯಲ್ಲಿ ನಾನು. ಚಾಚಿ ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ನೋಡಿ, "ಜೀವಾ ಹೋದಂಗ ಆಗಿತ್ತು ನಂದು," ಅಂದರು. ಆಮೇಲೆ ಬೈದದ್ದನ್ನು ಇಲ್ಲಿ ಬರೆಯಲಾಗದು.

ಹಳಿಯಾಳದಲ್ಲಿ ಸಿನಿಮಾ ನೋಡುತ್ತ ಜನ ಎದ್ದು ಓಡಿದರಂತೆ ಎಂಬ ಸುದ್ದಿ ಸುತ್ತಲೆಲ್ಲ ಹಬ್ಬಿತು. ಮುಂಡಗೋಡದವರು ತಾವಾಗಿಯೇ ಕರೆದರು. ನಿರ್ದೇಶಕನ ಕಾಲು ನೆಲದ ಮೇಲಿರಲಿಲ್ಲ. ರಿಮೇಕ್ ಗೆಲ್ಲಬೇಕಾದರೆ ಏನು ಬೇಕೆಂದು ಅವನಿಗೆ ಈಗ ಖಾತ್ರಿಯಾಗಿತ್ತು: ಕಥೆ ಬೇಡ, ದೆವ್ವ ಬೇಡ, ಚಾಚಿ ಬೇಕು. ಹಳಿಯಾಳಕ್ಕೆ ಹೋಗಿ ಕೈಕಾಲು ಹಿಡಿದು ಅವರನ್ನು ಒಪ್ಪಿಸಿದ. ಮುಂಡಗೋಡದಲ್ಲಿ ಎಲ್ಲರಿಗೂ ಕಾಣುವಂತೆ ನಡುವಿನ ಸಾಲಿನಲ್ಲಿ ಕೂರಿಸಿದ. ಚಾಚಾನೂ ಜೊತೆಗೆ ಬಂದಿದ್ದರು.

ಬಾವಿಯ ದೃಶ್ಯ ಬಂತು. ನಾಯಕಿ ಚೀರಿದಳು. ಜನರೆಲ್ಲ ತೆರೆ ಬಿಟ್ಟು ಚಾಚಿಯ ಕಡೆ ನೋಡಿದರು. ಚಾಚಿ ಶೇಂಗಾ ಸುಲಿಯುತ್ತಿದ್ದರು. ಬೀಜ ಬಾಯಿಗೆ ಹಾಕಿಕೊಂಡು ಮುಂದಿನದನ್ನು ಒಡೆದರು. ಯಾರೂ ಏಳಲಿಲ್ಲ, ಯಾರೂ ಓಡಲಿಲ್ಲ. ಸಿನಿಮಾ ತನ್ನ ಪಾಡಿಗೆ ತಾನು ಮುಗಿಯಿತು.

ನಿರ್ದೇಶಕ ಹೆಚ್ಚುಕಡಿಮೆ ಅಳುತ್ತ ಬಂದು ನಿಂತ. "ಏನ್ರಿ ಚಾಚಿ ಇದು? ಅವತ್ತ ಅಷ್ಟ ಅಂಜಿದ್ರಿ, ಇವತ್ತ ಒಂದೀಟೂ ಅಂಜಲಿಲ್ಲಲ್ರಿ?"

ಚಾಚಿ ಸೆರಗಿನಿಂದ ಶೇಂಗಾ ಸಿಪ್ಪೆ ಕೊಡವಿದರು. ಪಕ್ಕದ ಕುರ್ಚಿಯಲ್ಲಿ ಚಾಚಾ ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಕೂತಿದ್ದರು.

"ಇವತ್ತ ಇವರು ನನ್ನ ಬಾಜೂಕ ಇದ್ರಲ್ಲೋ," ಅಂದರು ಚಾಚಿ. "ಇನ್ಯಾಕ ಅಂಜಲಿ?"